ಎಣ್ಣೆಗೂ ಬಕೆಟ್ ಹಿಡಿದೆವು

ನಮ್ಮ ಬೀದಿಯ ಗ್ಯಾರೇಜಿನವನು ಆಯಿಲ್ ಚೆಲ್ಲಿದರೆ ಅದರ ಮೇಲೆ ಮರದ ಪುಡಿ ಎರಚುತ್ತಾನೆ. ಪುಡಿ ಎಣ್ಣೆ ಹೀರಿಕೊಂಡ ಮೇಲೆ ಗುಡಿಸಿ ಚರಂಡಿಗೆ ತಳ್ಳುತ್ತಾನೆ. ಅಲ್ಲಿಗೆ ಪರಿಸರ ಸ್ವಚ್ಛ! ಇವನು ಇಲ್ಲೇಕಿದ್ದಾನೆ, ಯಾವುದಾದರೂ ಬಂದರಿನಲ್ಲಿ ದೊಡ್ಡ ಸಾಹೇಬನಾಗಿ ಇರಬೇಕಿತ್ತು.

ಎಣ್ಣೆ ಹೊಡೆಯುವ ಬ್ಯಾಕ್ಟೀರಿಯಾಗಳು ಇವೆ, ಗೊತ್ತಲ್ವಾ? ದೆಹಲಿಯ ಟೆರಿ ಎಂಬ ಸಂಶೋಧನಾ ಸಂಸ್ಥೆಯವರು ಅಂಥವುಗಳ ಗುಂಪು ಕಟ್ಟಿ ‘ಆಯಿಲ್ ಜ್ಯಾಪರ್’ ಅಂತ ಹೆಸರಿಟ್ಟಿದ್ದಾರೆ. ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಅವನ್ನು ಕೂರಿಸಿ, ಎಣ್ಣೆ ಕುಡಿದ ಮಣ್ಣಿಗೆ ಬೆರೆಸುತ್ತಾರೆ. ಎಣ್ಣೆಯೂ ಉಂಟು, ನೆಂಚಿಕೊಳ್ಳಲು ಜೋಳವೂ ಉಂಟು. ಕುಡಿದು ಗಲಾಟೆ ಇಲ್ಲ. ಎಣ್ಣೆ ಖಾಲಿಯಾದರೆ ಪಿಂಚಣಿ ಕೇಳದೆ ಸತ್ತೂ ಹೋಗುತ್ತವೆ. ನಮ್ಮ ಏರಿಯಾದ ಬಾರ್ ಮುಂದೆ ಇಷ್ಟು ಶಿಸ್ತು ನಾನು ಕಂಡಿಲ್ಲ. ಆದರೆ ಮಣ್ಣು ಮಗುಚಿ ಗಾಳಿ ಆಡಿಸಬೇಕು, ತೇವ ಇರಬೇಕು, ಸಾರಜನಕ, ರಂಜಕ ಹಾಕಬೇಕು, ತಿಂಗಳುಗಟ್ಟಲೆ ಕಾಯಬೇಕು. ಕಾಯುವುದು ನಮಗೆ ಆಗಿಬರುವುದಿಲ್ಲ.

ನಮಗೆ ಆಗಿಬರುವುದು ಬಕೆಟ್ಟು. ಚೆನ್ನೈ ಪಕ್ಕದ ಎಣ್ಣೂರು ನೆನಪಿದೆಯಲ್ಲ? ಕನ್ನಡದ ಕಿವಿಗೆ ಹೆಸರಲ್ಲೇ ಎಣ್ಣೆ. 2017ರ ಜನವರಿ 28ರಂದು ಅಲ್ಲಿ ಎರಡು ಹಡಗು ಡಿಕ್ಕಿ ಹೊಡೆದವು. ಎಣ್ಣೆ ಗಿಣ್ಣೆ ಏನೂ ಸೋರಿಲ್ಲ ಅಂದರು ಬಂದರಿನವರು. ಸೋರದೇ ಇದ್ದ ಆ ಎಣ್ಣೆಯನ್ನು ಮೀನುಗಾರರು, ವಿದ್ಯಾರ್ಥಿಗಳು, ಕೋಸ್ಟ್ ಗಾರ್ಡಿನವರು ದಿನಗಟ್ಟಲೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಎತ್ತಿದರು. ಮೂರು ವಾರ ತುಂಬುವ ಮೊದಲೇ, ಅದೇ ಕರಾವಳಿಯಲ್ಲಿ ಸ್ವಲ್ಪ ಮೇಲಿರುವ ಶ್ರೀಹರಿಕೋಟಾದಿಂದ ಒಂದೇ ಏಟಿಗೆ 104 ಉಪಗ್ರಹ ಹಾರಿದವು. ಮೇಲೆ ಹಾರಿಸಲು ರಾಕೆಟ್ಟು, ಕೆಳಗೆ ಬಳಿಯಲು ಬಕೆಟ್ಟು. ಬಕೆಟ್ ಹಿಡಿಯುವುದರಲ್ಲಿ ನಮ್ಮನ್ನು ಮೀರಿಸುವವರು ಯಾರಿದ್ದಾರೆ ಹೇಳಿ. ಬಳಿದ ಜಿಡ್ಡನ್ನು ಬಂದರಿನ ಗುಂಡಿಗೆ ಹಾಕಿದ ಮೇಲೆ ಬ್ಯಾಕ್ಟೀರಿಯಾಗಳಿಗೆ ಕರೆ ಹೋಯಿತು.

2023ರ ಡಿಸೆಂಬರಿನಲ್ಲಿ, ಮಿಚಾಂಗ್ ಚಂಡಮಾರುತದ ನೆರೆಯಲ್ಲಿ, ಅದೇ ಎಣ್ಣೂರಿನ ಹಿನ್ನೀರಿಗೆ ಮತ್ತೆ ಎಣ್ಣೆ. ಸುಮಾರು ಏಳು ವರ್ಷದಲ್ಲಿ ತಂತ್ರಜ್ಞಾನ ಸುಧಾರಿಸಿತ್ತು. ಈ ಸಲ ಮಗ್ಗು. ದೋಣಿಯಂಚಿಗೆ ಬಗ್ಗಿ, ಬರಿಗೈಯಲ್ಲಿ ಮೊಗೆದು ಡ್ರಮ್ಮಿಗೆ ಸುರಿಯುತ್ತಿದ್ದವರ ಫೋಟೋ ನೀವೂ ನೋಡಿದ್ದೀರಿ.

ಸಾಹೇಬರೇ, ಬ್ಯಾಕ್ಟೀರಿಯಾಕ್ಕೆ ಗಾಳಿ ಸಾಕಾ, ತೇವ ಸಾಕಾ, ಊಟ ಸಾಕಾ ಅಂತ ಅಳೆದು ನೋಡುತ್ತೀರಿ. ಮಗ್ಗು ಹಿಡಿದವನಿಗೆ ಒಂದು ಜೊತೆ ಗ್ಲೌಸ್ ಕೊಡಲು ಏನ್ರೀ ದಾಡಿ? ಮೊಣಕೈವರೆಗೆ ಮೆತ್ತಿದ ಆ ಕರಿ ಜಿಡ್ಡು ಸೋಪಿಗೆಲ್ಲ ಹೋಗೋದಿಲ್ಲ.