ಸತ್ಯಾಂಶ: ರಕ್ತದ ನೀರು ಕೆರೆ ಮೀನಿಗೆ ಊಟವೇ?

‘ಮಾಂಸದಂಗಡಿ ನೀರಲ್ಲಿ ಕೆಮಿಕಲ್ ಇರಲ್ಲ, ಬರೀ ರಕ್ತ, ಕೊಬ್ಬು. ಮೋರಿಗೆ ಬಿಟ್ಟರೆ ಕೆರೆ ಮೀನಿಗೆ ಊಟ. ಇದಕ್ಕೆ ಕಾನೂನೂ ಇಲ್ಲ.’ ಈ ಮೆಸೇಜ್ ಬೆಂಗಳೂರಿನ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಮೊದಲ ಮಾತು ಹೆಚ್ಚುಕಮ್ಮಿ ನಿಜ. ಉಳಿದೆರಡು ಸುಳ್ಳು.

ರಕ್ತ ನೀರಿಗೆ ಬಿದ್ದರೆ ಮೀನಿಗಿಂತ ಮೊದಲು ಬ್ಯಾಕ್ಟೀರಿಯಾ ಊಟಕ್ಕೆ ಕೂರುತ್ತವೆ. ತಿನ್ನುತ್ತಾ ತಿನ್ನುತ್ತಾ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೂ ಮುಗಿಸುತ್ತವೆ. ಒಳ್ಳೆಯ ನೀರಿನಲ್ಲೂ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಅಷ್ಟೇ ಇರೋದು. ಒಂದೇ ಒಂದು ಲೀಟರ್ ರಕ್ತ ಕೊಳೆಯಲು ಹತ್ತು ಸಾವಿರ ಲೀಟರ್‌ಗಿಂತ ಜಾಸ್ತಿ ನೀರಿನ ಆಮ್ಲಜನಕ ಬೇಕು. ಮೀನು ಊಟ ಮಾಡೋದಿರಲಿ, ಉಸಿರಾಡೋದು ಹೇಗೆ?

ಭಾನುವಾರ ಬೆಳಿಗ್ಗೆ ಕೋಳಿ ಅಂಗಡಿ ಪಕ್ಕದ ಮೋರಿ ನೋಡಿ. ಕೆಂಪು ನೀರು, ಅಂಚಿಗೆ ಅಂಟಿದ ಪುಕ್ಕ, ಮೇಲೆ ಕೊಬ್ಬಿನ ತೆಳು ಪದರ. ಮಳೆನೀರಿನ ಮೋರಿ ರಾಜಕಾಲುವೆಗೆ ಸೇರುತ್ತದೆ, ರಾಜಕಾಲುವೆ ಕೆರೆಗೆ. ಮಧ್ಯದಲ್ಲಿ ಶುದ್ಧೀಕರಣ ಘಟಕ ಇರಲೇಬೇಕು ಅಂತೇನಿಲ್ಲ. ಒಳಚರಂಡಿಗೆ ಬಿಟ್ಟರೆ ಸರಿ ಅಲ್ವಾ ಅಂದರೆ, ಅಲ್ಲಿ ಕೊಬ್ಬು ಗಟ್ಟಿಯಾಗಿ ಪೈಪ್ ಕಟ್ಟಿಕೊಳ್ಳುತ್ತದೆ.

ಕಾನೂನು? 1974ರ ಜಲ ಕಾಯ್ದೆ ಇದೆ. ಕಸಾಯಿಖಾನೆ ನಡೆಸಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಹೊರಬಿಡುವ ನೀರಿಗೂ ಮಿತಿ ಉಂಟು. ಅಮೆರಿಕದಲ್ಲೂ ಮಾಂಸ ಕಾರ್ಖಾನೆಗಳ ನೀರಿಗೆ ಮಿತಿ ಬಂದಿದ್ದು ಅದೇ 1974ರಲ್ಲಿ.

ಪರಿಹಾರ ದೊಡ್ಡ ವಿದ್ಯೆಯೇನಲ್ಲ. ರಕ್ತವನ್ನು ನೀರಿಗೆ ಸೇರಿಸದೆ ಬೇರೆ ಡ್ರಮ್‌ಗೆ ಹಿಡಿದರೆ ಅರ್ಧ ಕೆಲಸ ಮುಗೀತು. ಆಮೇಲೆ ಪುಕ್ಕಕ್ಕೆ ಜಾಲರಿ, ಕೊಬ್ಬು ತೇಲಿಸಿ ತೆಗೆಯುವ ತೊಟ್ಟಿ, ಕೊನೆಗೆ ಗಾಳಿ ಊದುವ ಟ್ಯಾಂಕ್. ಅಲ್ಲೂ ಅದೇ ಬ್ಯಾಕ್ಟೀರಿಯಾ ಊಟ ಮಾಡುತ್ತವೆ, ಕೆರೆಗೆ ಹೋಗುವ ಮೊದಲೇ.