ಯಾವುದರ ಪ್ರೆಷರ್ ಅಂತಲೂ ಹೇಳಿ

ಎಸಿ ಫಿಟ್ಟಿಂಗ್ ಬಗ್ಗೆ ನೀವು ಬರೆದ ಲೇಖನ ಉಪಯೋಗವಾಯಿತು. ಆದರೆ ಲೀಕ್ ಟೆಸ್ಟ್‌ಗೆ 'ಪೈಪಿಗೆ ಪ್ರೆಷರ್ ಕೊಟ್ಟು ನೋಡಿ' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಯಾವುದರ ಪ್ರೆಷರ್ ಅಂತ ಹೇಳಲೇಬೇಕಿತ್ತು. ಒಣ ನೈಟ್ರೋಜನ್ ಮಾತ್ರ, ಅದೂ ರೆಗ್ಯುಲೇಟರ್ ಹಾಕಿ, ಕಂಪನಿ ಹೇಳಿದ ಮಿತಿಯೊಳಗೆ. ಬ್ರೇಜಿಂಗ್‌ಗೆ (ತಾಮ್ರದ ಪೈಪ್ ಬೆಸೆಯಲು) ತಂದ ಆಕ್ಸಿಜನ್ ಪಕ್ಕದಲ್ಲೇ ಇದೆ ಅಂತ ಅದನ್ನು ಪೈಪಿಗೆ ತುಂಬಲೇಬಾರದು. ಕಂಪ್ರೆಸರ್ ಆಯಿಲ್ ಜೊತೆ ಒತ್ತಡದ ಆಕ್ಸಿಜನ್ ಸೇರಿದರೆ ಸ್ಫೋಟವಾಗಬಹುದು, ಜೀವ ಹೋಗಬಹುದು.

ಪೈಪ್ ಜೋಡಿಸುವ ಫ್ಲೇರ್ ನಟ್ ಸುತ್ತ ಸೋಪಿನ ನೀರು ಹಚ್ಚಿ ಸ್ವಲ್ಪ ಹೊತ್ತು ಕಾಯಬೇಕು. ಸಣ್ಣ ಲೀಕ್ ಇದ್ದರೆ ಸಾಸಿವೆ ಕಾಳಿನಷ್ಟು ಗುಳ್ಳೆ ನಿಧಾನಕ್ಕೆ ಏಳುತ್ತದೆ. ಅವಸರ ಮಾಡಿದರೆ ಕಾಣೋದೇ ಇಲ್ಲ.

ಆಮೇಲೆ ವ್ಯಾಕ್ಯೂಮ್, ಅಂದರೆ ಪಂಪ್ ಹಾಕಿ ಪೈಪಿನೊಳಗಿನ ಗಾಳಿ, ತೇವ ಹೊರತೆಗೆಯುವುದು. ಗೇಜಿನ ಮುಳ್ಳು ಕೆಳಗೆ ಬಂದ ತಕ್ಷಣ ಪಂಪ್ ನಿಲ್ಲಿಸಿದರೆ ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಒಳಗೆ ಉಳಿದ ಒತ್ತಡ ಅಳೆಯುವ ಮೈಕ್ರಾನ್ ಗೇಜ್ 500 ಮೈಕ್ರಾನ್‌ಗಿಂತ ಕೆಳಗೆ ಬರಬೇಕು, ವಾಲ್ವ್ ಮುಚ್ಚಿದ ಮೇಲೂ ಜಾಸ್ತಿ ಏರಬಾರದು. ಪಂಪ್ ಇಲ್ಲದೆ ಸುಮ್ನೆ ಎಸಿಯ ಗ್ಯಾಸನ್ನೇ ಪೈಪಿಗೆ ಹಾಯಿಸಿ ಒಳಗಿನ ಗಾಳಿ ಹೊರಗೆ ತಳ್ಳುವವರು ಈಗಲೂ ಇದ್ದಾರೆ. ಈಗಿನ ಎಸಿಗಳಲ್ಲಿ ಬರುವ ಆರ್-32 ಬೆಂಕಿ ಹತ್ತುವ ಗ್ಯಾಸ್ ಅಲ್ವಾ? ಕೆಲವು ಎಸಿಗಳಲ್ಲಿರುವ ಆರ್-290 (ಪ್ರೊಪೇನ್) ಅಂತೂ ಇನ್ನೂ ಬೇಗ ಹತ್ತುತ್ತದೆ. ದಯವಿಟ್ಟು ವ್ಯಾಕ್ಯೂಮ್ ಪಂಪ್ ತರದವರಿಂದ ಕೆಲಸ ಮಾಡಿಸಬೇಡಿ.