ಮೆಟ್ರೋ ಬರುತ್ತೆ ಸಾರ್!
ತುಮಕೂರಲ್ಲಿ ಮನೆ ನೋಡಲು ಶುರು ಮಾಡಿ ವರ್ಷವಾಯಿತು. ಭಾನುವಾರ ಬಂತೆಂದರೆ ಬ್ರೋಕರ್ ಫೋನು. "ಮೆಟ್ರೋ ಬರುತ್ತೆ ಸಾರ್, ಈಗಲೇ ತಗೊಳ್ಳಿ." ಮೆಟ್ರೋ ಇನ್ನೂ ಬೆಂಗಳೂರಿನ ಅಂಚಿನ ಮಾದಾವರದಲ್ಲೇ ನಿಂತಿದೆ, ರೇಟು ಮಾತ್ರ ಆಗಲೇ ತುಮಕೂರಿನ ಕ್ಯಾತ್ಸಂದ್ರ ದಾಟಿದೆ! ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯಿತಲ್ಲ, ಅದನ್ನೂ ಬೆಲೆಗೆ ಸೇರಿಸುತ್ತಾರೆ. ನಾನೇನು ದಿನಾ 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೆಲಿಕಾಪ್ಟರಲ್ಲಿ ಹೋಗುತ್ತೇನಾ?

ನೀರು ಕೇಳಿದರೆ "ಹೇಮಾವತಿ ಇದೆಯಲ್ಲ" ಅನ್ನುತ್ತಾರೆ. ನಲ್ಲಿ ಎಲ್ಲಿ ಅಂದರೆ ಬೋರ್‌ವೆಲ್ ಕಡೆ ಕೈ ತೋರಿಸುತ್ತಾರೆ. ಇ-ಖಾತಾ ಕೇಳಿದರಂತೂ ಮುಗೀತು. "ಬನ್ನಿ ಸಾರ್, ಮೊದಲು ತಟ್ಟೆ ಇಡ್ಲಿ ತಿನ್ನೋಣ." ಇಡ್ಲಿ ಚೆನ್ನಾಗಿತ್ತು, ಅದು ಬೇರೆ ಮಾತು. ದುಡ್ಡು ಕೊಟ್ಟಿದ್ದೂ ನಾನೇ.

ಈ ಮಧ್ಯೆ ಓನರ್ ಬಾಡಿಗೆ ಜಾಸ್ತಿ ಮಾಡಿದರು.